ಬದನಿಕೆಯಲ್ಲದ ಬದನಿಕೆ

ಹೊಲದ ಬದುವಿನಲ್ಲಿ ಒಂದು ಮಾವು, ಬಾವಿಯ ಬಳಿ ಒಂದು ಬೇವು, ಹಿತ್ತಿಲಲ್ಲಿ ಒಂದು ಹುಣಿಸೆ—ಇಷ್ಟಾದರೂ ವೃಕ್ಷಸಂಪತ್ತು ಇಲ್ಲದ ಗೃಹಸ್ಥನು ನಮ್ಮ ಸೀಮೆಯಲ್ಲಿ ವಿರಳ. ಮರವುಳ್ಳವನಿಗೆ ಬದನಿಕೆಯ ಕಾಟವೂ ತಪ್ಪಿದ್ದಲ್ಲ. ಆದುದರಿಂದ ಆಗಾಗ ಆಳನ್ನು ಮರಕ್ಕೆ ಹತ್ತಿಸಿ, ಕುಡುಗೋಲಿನಿಂದ ಬದನಿಕೆಯನ್ನು ಕೊಯ್ಯಿಸಿ ಕೆಡಹುವುದು ಹಿರಿಯರಿಂದ ಬಂದ ಪದ್ಧತಿ. ಪದ್ಧತಿಯೇನೋ ಒಳ್ಳೆಯದೇ. ಆದರೆ ಮರ ಹತ್ತಿದ ಆಳು ಬದನಿಕೆಯ ಜೊತೆಗೆ ನಿರಪರಾಧಿಯಾದ ಮತ್ತೊಂದು ಗಿಡವನ್ನೂ ಕಿತ್ತು ಕೆಳಕ್ಕೆ ಎಸೆಯುವುದುಂಟು. ಯಜಮಾನನು ಕೆಳಗೆ ನಿಂತು, ‘ಮರ ಚೊಕ್ಕಟವಾಯಿತು’ ಎಂದು ಸಂತೋಷಪಡುವನು. ಕಳ್ಳನೊಡನೆ ಅತಿಥಿಯನ್ನೂ ಹೊರದೂಡಿದ ಹಾಗಾಯಿತೆಂಬುದು ಅವನಿಗೆ ತಿಳಿಯದು. ಈ ತಿಂಗಳು ಆ ಅತಿಥಿಯ ಪರವಾಗಿ ವಾಚಕರಲ್ಲಿ ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದಿದ್ದೇನೆ.

ಆ ಅತಿಥಿಯನ್ನು ಮಲೆನಾಡಿನವರು ಸೀತಾಳೆಯೆಂದೂ ಸೀತೆಯ ದಂಡೆಯೆಂದೂ ಕರೆಯುವರು. ಪಟ್ಟಣದ ಹೂವಿನ ಅಂಗಡಿಗಳಲ್ಲಿ ಅದೇ ಕುಲದ ಹೂಗಳು ಆರ್ಕಿಡ್ ಎಂಬ ಹೆಸರಿನಿಂದ ಮಾರಾಟವಾಗುವುವು. ಪ್ರಪಂಚದಲ್ಲಿ ಈ ಕುಲಕ್ಕೆ ಸೇರಿದ ಸುಮಾರು ೨೮,೦೦೦ ಜಾತಿಗಳುಂಟು. ಭಾರತೀಯ ಸಸ್ಯ ಸಮೀಕ್ಷಣ ಸಂಸ್ಥೆಯವರು ೨೦೧೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಮ್ಮ ದೇಶದ ೧,೨೫೬ ಜಾತಿಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ೩೮೮ ಜಾತಿಗಳು ಭಾರತವನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಇವುಗಳ ದೊಡ್ಡ ನೆಲೆಗಳು ಹಿಮಾಲಯ ಮತ್ತು ಸಹ್ಯಾದ್ರಿಗಳೆಂಬುದು ವಿದಿತವೇ ಇದೆ. ಅದನ್ನೇ ಕೇಳಿ ಕೇಳಿ ನಮ್ಮವರು, ‘ಸೀತಾಳೆಗೂ ನಮ್ಮ ಬಿಸಿಲಿನ ಕಲಬುರಗಿಗೂ ಎತ್ತಣ ಸಂಬಂಧ?’ ಎಂದುಕೊಂಡುಬಿಟ್ಟಿದ್ದಾರೆ. ಸಂಬಂಧ ಉಂಟು. ಅದು ನಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಬಿಸಿಲಿನಷ್ಟೇ ಒಂದು ಶಬ್ದವೂ ಕಾರಣವಾಗಿದೆ.

ಆ ಶಬ್ದದ ಕಥೆಯನ್ನು ಸ್ವಲ್ಪ ಕೇಳಬೇಕು. ಅಮರಸಿಂಹನ ನಿಘಂಟಿನ ವನೌಷಧಿವರ್ಗವನ್ನು ಓದಿದವರಿಗೆ, ಮರದ ಮೇಲೆ ಬೆಳೆಯುವ ಗಿಡಕ್ಕೆ ಅವನು ವಂದಾ, ವೃಕ್ಷರುಹಾ, ವೃಕ್ಷಾದನಿ ಮುಂತಾದ ಹೆಸರುಗಳನ್ನು ಪರ್ಯಾಯವಾಗಿ ಕೊಟ್ಟಿರುವುದು ನೆನಪಿರಬಹುದು. ಪಾಠಶಾಲೆಯಲ್ಲಿ ಹುಡುಗರು ಇವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವರು. ಅರ್ಥದ ಕಡೆಗೆ ಲಕ್ಷ್ಯ ಕೊಡುವವರು ಕಡಮೆ. ‘ಅದ್’ ಎಂಬ ಧಾತುವಿಗೆ ತಿನ್ನುವುದು ಎಂದು ಅರ್ಥ; ಆದುದರಿಂದ ವೃಕ್ಷಾದನಿಯೆಂದರೆ ಮರವನ್ನು ತಿನ್ನುವವಳು. ‘ರುಹ್’ ಎಂಬ ಧಾತುವಿಗೆ ಮೊಳೆಯುವುದು, ಬೆಳೆಯುವುದು ಎಂದು ಅರ್ಥ. ಆದುದರಿಂದ ವೃಕ್ಷರುಹೆಯೆಂದರೆ ಮರದಲ್ಲಿ ಬೆಳೆಯುವವಳು. ಒಬ್ಬನ ಮನೆಯಲ್ಲಿ ವಾಸಮಾಡುವುದು ಬೇರೆ, ಅವನ ಮನೆಯನ್ನೇ ನುಂಗುವುದು ಬೇರೆ. ನಿಘಂಟುಕಾರನು ಎರಡು ಹೆಸರುಗಳನ್ನೂ ಒಂದೇ ಸಾಲಿಗೆ ಸೇರಿಸಿದನು. ಲೋಕವ್ಯವಹಾರವೂ ಹಾಗೆಯೇ ನಡೆಯಿತು. ಕನ್ನಡದಲ್ಲಿ ಬದನಿಕೆ, ಬಂದಳಿಕೆ ಎನ್ನುವೆವು. ನೆರೆಯ ತೆಲುಗರು ಬದನಿಕ ಎನ್ನುವರು. ಮರದ ಮೇಲೆ ಹಸುರಾಗಿ ಕಂಡದ್ದಕ್ಕೆಲ್ಲ ಈ ಒಂದೇ ಹೆಸರು ಸಲ್ಲುತ್ತಿದೆ. ಹೆಸರು ಒಂದಾದಮೇಲೆ ಶಿಕ್ಷೆಯೂ ಒಂದಾಯಿತು.

ಈಗ ಈ ಇಬ್ಬರ ನಡತೆಯನ್ನು ವಿಚಾರಿಸೋಣ. ನಿಜವಾದ ಬದನಿಕೆಯು ಮರವನ್ನು ತಿನ್ನತಕ್ಕದ್ದೇ ಸರಿ. ಅದರ ಹಣ್ಣಿನ ತಿರುಳು ಅಂಟಾಗಿರುವುದು. ಗುಬ್ಬಿಗಿಂತಲೂ ಚಿಕ್ಕದಾದ ಒಂದು ಹಕ್ಕಿ—ಅದಕ್ಕೂ ಬದನಿಕೆ ಹಕ್ಕಿಯೆಂದೇ ಹೆಸರು—ಆ ಹಣ್ಣನ್ನು ತಿಂದು, ಅಂಟಿದ ಬೀಜವನ್ನು ಕೊಂಬೆಗೆ ಒರೆಸಿ ಹಾಕುವುದು. ಬೀಜವು ಮೊಳೆತು ತೊಗಟೆಯನ್ನು ಭೇದಿಸಿ, ಮರದ ಒಳಗಿನ ನಾಳಗಳಿಗೆ ಬಾಯಿಟ್ಟು, ಮರವು ನೆಲದಿಂದ ಎತ್ತಿಕೊಂಡ ನೀರನ್ನೂ ಲವಣವನ್ನೂ ಹೀರುವುದು. ತನ್ನ ಎಲೆಗಳು ಹಸುರಾಗಿರುವುದರಿಂದ ಅಡಿಗೆಯನ್ನು ತಾನೇ ಮಾಡಿಕೊಳ್ಳುವುದು. ಆದರೆ ಅಕ್ಕಿಯೂ ನೀರೂ ಪರರವು. ಬದನಿಕೆ ಹತ್ತಿದ ಕೊಂಬೆಯ ತುದಿ ಕ್ರಮೇಣ ಸೊರಗುವುದಕ್ಕೆ ಇದೇ ಕಾರಣ. ಇದನ್ನು ಕೊಯ್ಯಿಸುವುದೇ ನ್ಯಾಯ. ಹತ್ತಿದ ಕೊಂಬೆಯ ಭಾಗವನ್ನೂ ಕೂಡಿಯೇ ಕೊಯ್ಯಿಸತಕ್ಕದ್ದು.

ಸೀತಾಳೆಯ ನಡತೆ ಹೀಗಲ್ಲ. ಅದು ಮರದಿಂದ ಕೇಳುವುದು ನಿಲ್ಲುವುದಕ್ಕೊಂದು ಸ್ಥಳವನ್ನು ಮಾತ್ರ. ಅದರ ಬೇರುಗಳು ತೊಗಟೆಯ ಮೇಲೆ ಹರಿದು ಹಿಡಿದುಕೊಳ್ಳುವುವೇ ಹೊರತು ಮರದ ಒಳಗೆ ಪ್ರವೇಶಿಸುವುದಿಲ್ಲ. ಕೆಲವು ಬೇರುಗಳು ಹಗ್ಗದಂತೆ ಗಾಳಿಯಲ್ಲಿ ಜೋತಾಡುವುವು. ಇವುಗಳ ಮೇಲೆ ದಪ್ಪನಾದ, ಹತ್ತಿಯಂತೆ ಬೆಳ್ಳಗಿರುವ ಒಂದು ಹೊದಿಕೆ ಇದೆ. ಅದು ನಿರ್ಜೀವ ಕೋಶಗಳಿಂದಾದ ಸ್ಪಂಜಿನಂಥ ಪದರ. ಮಳೆಯ ಹನಿಯನ್ನೂ ತೊಗಟೆಯ ಮೇಲೆ ಇಳಿಯುವ ನೀರನ್ನೂ ಆ ಪದರವು ಹೀರಿಕೊಂಡು ಒಳಗಿನ ಜೀವಂತ ಬೇರಿಗೆ ಒಪ್ಪಿಸುವುದು. ಒಣಗಿದ್ದಾಗ ಬಿಳುಪಾಗಿರುವ ಬೇರು ಒದ್ದೆಯಾದ ಕೂಡಲೆ ಹಸುರಾಗಿ ತೋರುವುದು. ಎಲೆಗಳ ವಿಷಯದಲ್ಲಿಯೂ ಈ ಗಿಡದ ಜಾಣತನವನ್ನು ಮೆಚ್ಚಬೇಕು. ಬಹುತೇಕ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಉಸಿರಾಡುವುವು. ಆಗ ನೀರೂ ಆವಿಯಾಗಿ ಹೋಗುವುದು. ನಮ್ಮ ಸೀಮೆಯ ಸೀತಾಳೆಯು ರಾತ್ರಿಯ ತಂಪಿನಲ್ಲಿ ರಂಧ್ರಗಳನ್ನು ತೆರೆದು, ಬೇಕಾದ ವಾಯುವನ್ನು ಸಂಗ್ರಹಿಸಿಟ್ಟುಕೊಂಡು, ಹಗಲಿನಲ್ಲಿ ಬಾಗಿಲು ಮುಚ್ಚಿ ಸೂರ್ಯಪ್ರಕಾಶದಿಂದ ಅಡಿಗೆ ಮಾಡಿಕೊಳ್ಳುವುದು. ವೈಶಾಖದ ಬಿಸಿಲಿನಲ್ಲಿ ಮನೆಯ ಕಿಟಕಿಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವ ನಮ್ಮ ಗೃಹಿಣಿಯರಿಗೆ ಈ ಉಪಾಯವನ್ನು ವಿವರಿಸಿ ಹೇಳಬೇಕಾದ್ದಿಲ್ಲ.

ಇವೆರಡನ್ನೂ ಕೆಳಗೆ ನಿಂತೇ ಬೇರ್ಪಡಿಸುವ ಬಗೆಯನ್ನು ತಿಳಿಸುತ್ತೇನೆ. ಬದನಿಕೆಯು ಕಟ್ಟಿಗೆಯಂಥ ಕೊಂಬೆಗಳುಳ್ಳ ಪೊದೆ. ಅದರ ಎಲೆಗಳು ಅಗಲವಾಗಿಯೂ ಮಂದವಾಗಿಯೂ ಇರುವುವು. ಮರವನ್ನು ಕಚ್ಚಿದ ಸ್ಥಳದಲ್ಲಿ ಗಂಟು ಕಟ್ಟಿರುವುದು. ಸೀತಾಳೆಗೆ ಕಟ್ಟಿಗೆಯಿಲ್ಲ, ಕವಲುಗಳ ಪೊದೆಯಿಲ್ಲ. ನಡುವೆ ದೋಣಿಯಂತೆ ಮಡಿಸಿದ ಪಟ್ಟಿಯಾಕಾರದ ಎಲೆಗಳು ಎಡಕ್ಕೊಂದು ಬಲಕ್ಕೊಂದು ಎರಡೇ ಸಾಲುಗಳಲ್ಲಿ ಜೋಡಿಸಿಕೊಂಡಿರುವುವು. ಬುಡದಲ್ಲಿ ದಪ್ಪನಾದ ಬಿಳಿಯ ಬೇರುಗಳು ಕಾಣುವುವು. ಬದನಿಕೆಯ ಹೂವು ಸಣ್ಣ ಕೊಳವೆಯಂತಿದ್ದು, ಹಣ್ಣು ಮೆತ್ತಗಿರುವುದು. ಸೀತಾಳೆಯ ಹೂವಿನಲ್ಲಿ ಐದು ದಳಗಳು ಹರಡಿಕೊಂಡು, ಆರನೆಯದು ತುಟಿಯಂತೆ ಮುಂದಕ್ಕೆ ಚಾಚಿರುವುದು. ಅದರ ಕಾಯಿಗೆ ಏಣುಗಳಿದ್ದು, ಒಣಗಿದಾಗ ಬಿರಿದು ಧೂಳನ್ನು ಚೆಲ್ಲುವುದು. ಇಷ್ಟನ್ನು ಮನೆಯ ಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು; ಆಳಿಗೆ ಹೇಳುವ ಕೆಲಸವನ್ನು ಅವರೇ ವಹಿಸಿಕೊಳ್ಳುವರು.

ದಖ್ಖನದ ಒಣಗಾಡುಗಳಲ್ಲಿ ಮರದ ಮೇಲೆ ಕಾಣುವ ಸೀತಾಳೆಗಳ ಪೈಕಿ ಮುಖ್ಯವಾದದ್ದಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ವಾಂಡಾ ಟೆಸಲ್ಲೇಟಾ. ಇದರ ಪೂರ್ವಾರ್ಧವು ನಮ್ಮ ‘ವಂದಾ’ ಶಬ್ದವೇ. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದು ೧೭೮೪ರಲ್ಲಿ ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸ್ ಎಂಬ ಸಂಸ್ಕೃತಜ್ಞನು ಈ ಗಿಡವನ್ನು ವರ್ಣಿಸಿ ಅದಕ್ಕೆ ದೇಶೀಯ ನಾಮವನ್ನೇ ಕೊಟ್ಟನು. ಅವನ ಬರಹವು ಅವನ ಮರಣಾನಂತರ ೧೭೯೫ರಲ್ಲಿ ಅಚ್ಚಾಯಿತು. ಹೀಗೆ ಅಮರಸಿಂಹನ ಒಂದು ಪದವು ಲೋಕದ ಸಸ್ಯಶಾಸ್ತ್ರವನ್ನು ಹೊಕ್ಕಿತು. ಅದೇ ವರ್ಷ ರಾಕ್ಸ್‌ಬರ್ಗ್ ಎಂಬ ವೈದ್ಯನು ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ಗಿಡದ ಚಿತ್ರವನ್ನು ಪ್ರಕಟಿಸಿ, ಹೆಸರಿನ ಉತ್ತರಾರ್ಧವನ್ನು ಒದಗಿಸಿದನು. ಲ್ಯಾಟಿನ್ ಭಾಷೆಯಲ್ಲಿ ಟೆಸೆಲ್ಲ ಎಂದರೆ ನೆಲಕ್ಕೆ ಹಾಸುವ ಚೌಕದ ಬಿಲ್ಲೆ. ಹಳದಿ ಬೆರೆತ ಹಸುರು ದಳಗಳ ಮೇಲೆ ಕಂದುಬಣ್ಣದ ಚೌಕಳಿ ಗೆರೆಗಳು ಇರುವುದರಿಂದ ಈ ಹೆಸರು; ತುಟಿಯದು ನೀಲಿ ಅಥವಾ ನೇರಳೆ ಬಣ್ಣ. ಬೇಸಗೆಯಿಂದ ಮಳೆಗಾಲದ ಆರಂಭದವರೆಗೆ, ಕಾಡೆಲ್ಲ ಬೋಳಾಗಿ ನಿಂತಿರುವಾಗ, ಒಂದೊಂದು ಗೊಂಚಲಿನಲ್ಲಿ ಹಲವು ಹೂಗಳು ಅರಳಿ ಸುಗಂಧವನ್ನು ಬೀರುವುವು. ಶಹಾಬಾದದ ಫರಸಿಯನ್ನು ದೇಶಕ್ಕೆಲ್ಲ ಹಾಸಿಕೊಟ್ಟ ನಮ್ಮ ನಾಡಿಗೆ ಫರಸಿಯ ಹೆಸರಿನ ಹೂವೇ ಒಲಿದಿರುವುದು ಒಂದು ಸೊಗಸು.

ಇನ್ನು ಈ ಗಿಡಗಳ ನೆಲೆಯ ವಿಚಾರ. ನಮ್ಮ ಸೀಮೆಯನ್ನು ಎರಡು ಭಾಗವಾಗಿ ತಿಳಿಯಬೇಕು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ—ಇವು ಸುಣ್ಣಕಲ್ಲಿನ ಬಯಲು. ಭೂಗರ್ಭಶಾಸ್ತ್ರಜ್ಞರು ಭೀಮಾ ಶ್ರೇಣಿಯೆಂದು ಕರೆಯುವ ಈ ಶಿಲೆಯು ಪದರ ಪದರವಾಗಿ ಏಳುವುದರಿಂದ ಫರಸಿಯಾಯಿತು, ಸುಟ್ಟು ಅರೆದದ್ದರಿಂದ ಸಿಮೆಂಟಾಯಿತು. ಕಲ್ಲಿನ ಮೇಲೆ ಕಪ್ಪುಮಣ್ಣು, ಮಣ್ಣಿನ ಮೇಲೆ ತೊಗರಿ ಮತ್ತು ಜೋಳ. ನಡುನಡುವೆ ಗಣಿಗಳು, ಕಾರ್ಖಾನೆಗಳು. ತೆಲಂಗಾಣದ ಕಡೆಯಿಂದ ಇಳಿದು ಬರುವ ಕಾಗಿಣಾ ನದಿಯು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡವನ್ನು ಸೋಂಕಿ, ಮುಂದೆ ಭೀಮೆಯನ್ನು ಕೂಡಿಕೊಳ್ಳುವುದು. ಮೂರನೆಯ ಕೃಷ್ಣನ ಆಶ್ರಯವನ್ನು ಪಡೆದಿದ್ದ ಹಲಾಯುಧನೆಂಬ ನಿಘಂಟುಕಾರನು ಹತ್ತನೆಯ ಶತಮಾನದಲ್ಲಿ ಓಡಾಡಿದ ನೆಲವಿದು. ಇಲ್ಲಿ ಕಾಡೆಂಬುದು ಈಗ ಇಲ್ಲವೆಂದರೂ ಸಲ್ಲುವುದು. ಇಲ್ಲಿ ಮರದ ಸೀತಾಳೆಗೆ ಉಳಿದಿರುವ ಆಶ್ರಯವೆಂದರೆ ಹೊಲದ ಬದು, ಹಳ್ಳದ ದಂಡೆ, ದೇವಸ್ಥಾನದ ಬನ, ದರ್ಗಾದ ಅಂಗಳ—ಇಂಥ ಸ್ಥಳಗಳಲ್ಲಿ ನಿಂತ ಹಳೆಯ ಮರಗಳು ಮಾತ್ರ. ಎಳೆಯ ಮರದ ನುಣುಪಾದ ತೊಗಟೆಯಲ್ಲಿ ಇದರ ಬೀಜ ನಿಲ್ಲುವುದು ಕಷ್ಟ. ವಯಸ್ಸಾಗಿ ಬಿರುಕು ಬಿಟ್ಟು, ಆ ಬಿರುಕಿನಲ್ಲಿ ಪಾಚಿಯೂ ಧೂಳೂ ತೇವವೂ ಸೇರಿದ ತೊಗಟೆಯೇ ಇದಕ್ಕೆ ತೊಟ್ಟಿಲು.

ಎರಡನೆಯ ಭಾಗವು ಚಿಂಚೋಳಿ. ಕಲಬುರಗಿ ಜಿಲ್ಲೆಯ ಕಾಡಿನಲ್ಲಿ ಹೇಳಿಕೊಳ್ಳತಕ್ಕ ಪಾಲು ಈ ತಾಲೂಕಿನಲ್ಲಿಯೇ ಇದೆ. ಕೊಂಚಾವರಂ ಗುಡ್ಡಗಳು, ಚಂದ್ರಂಪಳ್ಳಿಯ ಜಲಾಶಯ, ಎತ್ತಿಪೋತದ ಜಲಪಾತ, ನಡುವೆ ಲಂಬಾಣಿಗರ ತಾಂಡಾಗಳು—ಇದು ಬಯಲುಸೀಮೆಯೊಳಗೆ ಅಡಗಿರುವ ಒಂದು ಪುಟ್ಟ ಮಲೆನಾಡೆನ್ನಬಹುದು. ಮಳೆಗಾಲದಲ್ಲಿ ಹಸುರಾಗಿ ಬೇಸಗೆಯಲ್ಲಿ ಎಲೆಯುದುರಿಸುವ ಕಾಡಿದು. ಸಾಗುವಾನಿ, ಶ್ರೀಗಂಧ, ರಕ್ತಚಂದನಗಳು ಇಲ್ಲುಂಟು. ಕೊಲ್ಲಿಗಳಲ್ಲಿ ತಂಗುವ ತೇವವೂ, ಹಳೆಯ ಮರಗಳ ನೆರಳೂ, ಮುಂಜಾವಿನ ಇಬ್ಬನಿಯೂ ಮರದ ಸೀತಾಳೆಯನ್ನು ಪೋಷಿಸುವುವು. ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದಾದರೆ, ನಮ್ಮ ಜಿಲ್ಲೆಗೆ ಸುಮಾರು ೮೦೦. ಅದೂ ಬಹುಪಾಲು ಜೂನಿನಿಂದ ಅಕ್ಟೋಬರಿನೊಳಗೆ ಮುಗಿಯುವುದು. ಆದುದರಿಂದ ಮಲೆನಾಡಿನಲ್ಲಿ ಒಂದೇ ಮರದ ಮೇಲೆ ಹಲವು ಜಾತಿಯ ಸೀತಾಳೆಗಳು ಕಂಡರೆ, ಇಲ್ಲಿ ಬಿಸಿಲನ್ನು ತಡೆಯಬಲ್ಲ ಬೆರಳೆಣಿಕೆಯ ಜಾತಿಗಳು ಮಾತ್ರ ನಿಲ್ಲಬಲ್ಲುವು.

ಸೀತಾಳೆಗಳೆಲ್ಲ ಮರದ ಮೇಲೆಯೇ ಇರುವುವೆಂದು ತಿಳಿಯಬಾರದು. ನೆಲದ ಸೀತಾಳೆಗಳೂ ಉಂಟು. ಹಬನೇರಿಯಾ, ಯುಲೋಫಿಯಾ, ನರ್ವಿಲಿಯಾ ಎಂಬ ಗಣಗಳು ದಖ್ಖನದ ಒಣಗಾಡು ಹುಲ್ಲುಗಾವಲುಗಳಿಗೆ ಒಗ್ಗಿದಂಥವು. ಇವು ಬೇಸಗೆಯನ್ನು ಗೆಡ್ಡೆಯ ರೂಪದಲ್ಲಿ ನೆಲದೊಳಗೆ ನಿದ್ರಿಸಿ ಕಳೆಯುವುವು. ಮಳೆ ಬಿದ್ದೊಡನೆ ಎದ್ದು, ಹೂಬಿಟ್ಟು, ಕಾಯಾಗಿ, ಮತ್ತೆ ಮಲಗುವುವು. ನರ್ವಿಲಿಯಾ ಮೊದಲು ಹೂವನ್ನು ತೋರಿಸಿ, ಹೂವು ಬಾಡಿದ ಮೇಲೆ ಒಂದೇ ಒಂದು ಎಲೆಯನ್ನು ಬಿಡುವುದು. ಹೂವನ್ನೂ ಎಲೆಯನ್ನೂ ಒಟ್ಟಿಗೆ ಕಾಣದ ಜನ ಇವೆರಡೂ ಬೇರೆ ಬೇರೆ ಗಿಡಗಳೆಂದೇ ತಿಳಿಯುವರು. ಶ್ರಾವಣ ಭಾದ್ರಪದಗಳಲ್ಲಿ ಹುಲ್ಲಿನ ನಡುವೆ ಬಿಳಿಯ ಹೂಗಳ ಒಂದು ಕಡ್ಡಿ ಎದ್ದು ನಿಂತಿರುವುದನ್ನು ಕಂಡು ದನಗಾಹಿ ಹುಡುಗನು ಸುಮ್ಮನೆ ಮುಂದೆ ಹೋಗುವನು. ಅದೂ ಆರ್ಕಿಡ್ಡೇ ಎಂದು ಅವನಿಗೆ ಯಾರು ಹೇಳಬೇಕು?

‘ಒಂದು ಗಿಡ ಕಿತ್ತರೆ ಮತ್ತೊಂದು ಹುಟ್ಟುವುದು, ಇಷ್ಟಕ್ಕೇಕೆ ಚಿಂತೆ?’ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಉತ್ತರವು ಬೀಜದಲ್ಲಿದೆ. ಡಾರ್ವಿನ್ ಪಂಡಿತನು ೧೮೬೨ರಲ್ಲಿ ಸೀತಾಳೆಗಳನ್ನು ಕುರಿತು ಬರೆದ ಗ್ರಂಥದಲ್ಲಿ, ಇಂಗ್ಲೆಂಡಿನ ಒಂದು ನೆಲದ ಸೀತಾಳೆಯ ಬೀಜಗಳನ್ನು ಲೆಕ್ಕ ಹಾಕಿದನು. ಒಂದು ಗಿಡಕ್ಕೆ ೧,೮೬,೩೦೦ ಬೀಜಗಳಾದುವು. ಎಲ್ಲವೂ ಮೊಳೆತು ಬೆಳೆದರೆ ಆ ಒಂದು ಗಿಡದ ಮರಿಮಕ್ಕಳು ಭೂಮಂಡಲದ ನೆಲವನ್ನೆಲ್ಲ ಬಹುಮಟ್ಟಿಗೆ ಮುಚ್ಚಿಬಿಡಬಹುದೆಂದು ಅವನ ಗಣಿತ. ಹಾಗೆ ಮುಚ್ಚಿಲ್ಲವಲ್ಲ, ಏಕೆ? ಈ ಕುಲದ ಬೀಜವು ಹಿಟ್ಟಿನ ಧೂಳಿನಷ್ಟು ಸೂಕ್ಷ್ಮ. ತಾಯಿಯು ಮಗುವಿಗೆ ಬುತ್ತಿ ಕಟ್ಟಿ ಕಳುಹಿಸುವುದಿಲ್ಲ. ತೊಗರಿಯ ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರವಿದೆ. ಸೀತಾಳೆಯ ಬೀಜದೊಳಗೆ ಇಲ್ಲ. ಅದು ಬಿದ್ದ ಸ್ಥಳದಲ್ಲಿ ತಕ್ಕ ಶಿಲೀಂಧ್ರವು, ಅಂದರೆ ಬೂಷ್ಟಿನ ಕುಲದ ಒಂದು ಸೂಕ್ಷ್ಮಜೀವಿಯು ಇದ್ದು, ಮೊಳಕೆಗೆ ಉಣಿಸಿದರೆ ಮಾತ್ರ ಬದುಕುವುದು. ನೋಯೆಲ್ ಬರ್ನಾರ್ಡ್ ಎಂಬ ಫ್ರೆಂಚ್ ವಿದ್ವಾಂಸನು ೧೮೯೯ರಲ್ಲಿ ಈ ರಹಸ್ಯವನ್ನು ಕಂಡುಹಿಡಿದನು. ಹೀಗೆ ಹಳೆಯ ತೊಗಟೆ, ಅದರಲ್ಲಿ ತಕ್ಕ ಶಿಲೀಂಧ್ರ, ಹೂವಿಗೆ ಬಂದು ಪರಾಗದ ಗಂಟನ್ನು ಒಯ್ಯುವ ಕೀಟ—ಈ ಮೂವರೂ ಕೂಡಿದಲ್ಲಿ ಮಾತ್ರ ಸೀತಾಳೆಯ ವಂಶ ಮುಂದುವರಿಯುವುದು. ಲಕ್ಷ ಬೀಜಗಳಲ್ಲಿ ಒಂದಕ್ಕೆ ಈ ಯೋಗ ಕೂಡಿಬಂದರೂ ಅದೃಷ್ಟವೇ ಸರಿ. ಆ ಒಂದು ಗಿಡವು ಹೂಬಿಡುವ ಪ್ರಾಯಕ್ಕೆ ಬರಲು ಮತ್ತೆ ಹಲವು ವರ್ಷಗಳು ಬೇಕು. ಕುಡುಗೋಲಿಗೆ ಅರೆಗಳಿಗೆ ಸಾಕು.

ಕುಡುಗೋಲಿನಷ್ಟೇ ಭಯವು ಔಷಧದ ಹೆಸರಿನಿಂದಲೂ ಉಂಟು. ಇಲ್ಲಿಯೂ ಶಬ್ದವೇ ತೊಡಕು. ವಾತರೋಗಗಳಿಗೆ ಹೇಳಿದ ಮಹಾರಾಸ್ನಾದಿ ಕಷಾಯವನ್ನು ಬಲ್ಲದವರಾರು? ಆದರೆ ರಾಸ್ನಾ ಯಾವುದೆಂಬ ವಿಷಯದಲ್ಲಿ ದೇಶಕ್ಕೊಂದು ಮತ. ಬಂಗಾಳದವರು ಈ ವಂದೆಯ ಬೇರನ್ನೇ ರಾಸ್ನಾ ಎಂದರು. ದಕ್ಷಿಣದ ನಾವು ದುಂಪರಾಸ್ಮಿಯ ಗೆಡ್ಡೆಯನ್ನು ಬಳಸಿದೆವು. ಉತ್ತರದವರು ಪ್ಲೂಕಿಯಾ ಎಂಬ ಬಯಲಿನ ಗಿಡವನ್ನು ಹಿಡಿದರು. ಭಾರತ ಸರ್ಕಾರದ ಆಯುರ್ವೇದ ಔಷಧಕೋಶವು ಈ ಕಡೆಯದನ್ನೇ ರಾಸ್ನಾ ಎಂದು ಅಂಗೀಕರಿಸಿದೆ. ಹೀಗಿರುವಲ್ಲಿ ರಾಸ್ನೆಯ ಹೆಸರಿನಲ್ಲಿ ವಂದೆಯನ್ನು ಕೀಳುವುದಕ್ಕೆ ಶಾಸ್ತ್ರದ ಬಲವೂ ಇಲ್ಲ, ಅಗತ್ಯವೂ ಇಲ್ಲ. ಪುಷ್ಟಿಗೆಂದು ಮಾರುವ ಸಾಲಂ ಮಿಶ್ರಿಯೂ ನೆಲದ ಸೀತಾಳೆಗಳ ಗೆಡ್ಡೆಯೇ. ಗೆಡ್ಡೆಯನ್ನು ಅಗೆದಮೇಲೆ ಗಿಡವೆಲ್ಲಿಯದು? ಅಷ್ಟವರ್ಗದ ಎಂಟು ಮೂಲಿಕೆಗಳಲ್ಲಿ ಜೀವಕ, ಋಷಭಕ, ಋದ್ಧಿ, ವೃದ್ಧಿ ಎಂಬ ನಾಲ್ಕನ್ನು ವಿದ್ವಾಂಸರು ಹಿಮಾಲಯದ ಸೀತಾಳೆಗಳೆಂದು ಗುರುತಿಸಿದ್ದಾರೆ. ಮಿತಿಯಿಲ್ಲದೆ ಅಗೆದು ಅಗೆದು ಅವು ಅಲ್ಲಿಯೇ ದುರ್ಲಭವಾಗಿವೆ. ಅಷ್ಟು ದೊಡ್ಡ ಪರ್ವತವೇ ಬರಿದಾಗುವಾಗ ನಮ್ಮ ಚಿಂಚೋಳಿಯ ಗುಡ್ಡಗಳು ಎಷ್ಟರವು?

ಮೂರನೆಯ ಭಯವು ಪ್ರೀತಿಯಿಂದ ಬರುವುದು. ಕಾಡಿಗೆ ವಿಹಾರಕ್ಕೆ ಹೋದವರು ಹೂವಿನ ಚೆಲುವಿಗೆ ಮನಸೋತು, ಗಿಡವನ್ನೇ ಕಿತ್ತು ತಂದು ಕುಂಡದ ಮಣ್ಣಿನಲ್ಲಿ ಊರಿ ದಿನಕ್ಕೆ ಎರಡು ಸಲ ನೀರೆರೆಯುವರು. ಗಾಳಿಯಲ್ಲಿ ಬೆಳೆಯತಕ್ಕ ಬೇರು ಮಣ್ಣಿನಲ್ಲಿ ಕೊಳೆತು ಗಿಡ ಸಾಯುವುದು. ಮನೆಯಲ್ಲಿ ಸೀತಾಳೆಯನ್ನು ಬೆಳೆಸುವ ಆಸೆಯುಳ್ಳವರು ನರ್ಸರಿಯಲ್ಲಿ ಬೆಳೆಸಿದ ಸಸಿಯನ್ನು ಕೊಳ್ಳಲಿ. ಅಮೆರಿಕದ ಲೂಯಿಸ್ ನಡ್ಸನ್ ೧೯೨೨ರಲ್ಲಿ, ಸಕ್ಕರೆ ಬೆರಸಿದ ಆಹಾರದ ಮೇಲೆ ಶಿಲೀಂಧ್ರದ ಸಹಾಯವಿಲ್ಲದೆಯೇ ಬೀಜವನ್ನು ಸೀಸೆಯಲ್ಲಿ ಮೊಳೆಯಿಸಬಹುದೆಂದು ತೋರಿಸಿಕೊಟ್ಟ ಮೇಲೆ, ಅಂಗಡಿಯ ಸಸಿಗಳಿಗಾಗಿ ಕಾಡನ್ನು ಸುಲಿಯಬೇಕಾದ ಕಾರಣವೇ ಉಳಿದಿಲ್ಲ.

ಸರ್ಕಾರವು ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಚಿಂಚೋಳಿಯ ಕಾಡಿನಲ್ಲಿ ೧೩೪.೮೮ ಚದರ ಕಿಲೋಮೀಟರ್ ಪ್ರದೇಶವನ್ನು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ದಕ್ಷಿಣ ಭಾರತದ ಒಣಭೂಮಿಯಲ್ಲಿ ಇಂಥದು ಇದೇ ಮೊದಲನೆಯದೆಂಬ ಕೀರ್ತಿ ಅದಕ್ಕಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಧಾಮದೊಳಗಿನ ಗಿಡವನ್ನು ಅನುಮತಿಯಿಲ್ಲದೆ ಕೀಳುವುದು ಅಪರಾಧ. ದೇಶದೇಶಗಳ ನಡುವಿನ ಒಪ್ಪಂದವೊಂದು ಈ ಕುಲದ ಎಲ್ಲ ಜಾತಿಗಳ ವ್ಯಾಪಾರವನ್ನೂ ಕಟ್ಟಿಗೆ ಒಳಪಡಿಸಿದೆ. ಭಾರತವು ೧೯೭೬ರಲ್ಲಿ ಅದಕ್ಕೆ ಸೇರಿತು. ಆದರೆ ಧಾಮದ ಮೇರೆಯು ಸೇಡಂ, ಚಿತ್ತಾಪುರ, ಶಹಾಬಾದಗಳಿಗೆ ಬಾರದು. ಅಲ್ಲಿ ಮರದ ಮೇಲಿನ ಸೀತಾಳೆಯ ಅರಣ್ಯಾಧಿಕಾರಿಯೆಂದರೆ ಮರದ ಯಜಮಾನನೇ. ಅವನು ಕಾಪಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗಣಿಗಾಗಿ ನೆಲ ಹೋದಾಗ, ರಸ್ತೆ ಅಗಲವಾದಾಗ, ಪಾಲುವಾರಿಕೆಯಲ್ಲಿ ಬದುವೇ ಅಳಿದಾಗ, ನೂರು ವರ್ಷದ ಮರದೊಡನೆ ಅದರ ಮೇಲಿನ ಸಂಸಾರವೂ ಹೋಗುವುದು. ಅದಕ್ಕೆ ಪ್ರತಿಯಾಗಿ ನೆಟ್ಟ ಸಸಿಯ ತೊಗಟೆ ಬಿರುಕು ಬಿಡುವವರೆಗೆ ಆ ಊರಿನಲ್ಲಿ ಸೀತಾಳೆಯ ಬೀಜಕ್ಕೆ ನಿಲುಗಡೆಯಿಲ್ಲ.

ಆದುದರಿಂದ ಗೃಹಸ್ಥರು ಮಾಡಬಹುದಾದ ನಾಲ್ಕು ಕೆಲಸಗಳನ್ನು ಸೂಚಿಸಿ ಮುಗಿಸುತ್ತೇನೆ. ಬದನಿಕೆ ಕೊಯ್ಯಿಸುವ ದಿನ ಮೊದಲು ತಾವೇ ತಲೆಯೆತ್ತಿ ನೋಡಿ, ಆಳಿಗೆ ಇದು ಕೊಯ್ಯತಕ್ಕದ್ದು, ಇದು ಬಿಡತಕ್ಕದ್ದು ಎಂದು ಬೆರಳು ಮಾಡಿ ತೋರಿಸಬೇಕು. ಹಳೆಯ ಮರವನ್ನು ತೆಗೆಯದೆ ನಿರ್ವಾಹವಿದೆಯೇ ಎಂದು ಎರಡು ಸಲ ಯೋಚಿಸಬೇಕು. ಹಲವು ಜಾತಿಯ ಮರಗಳನ್ನು ಸ್ವಂತ ಹೊಲದಲ್ಲಿಯೂ ಅನುಮತಿಯಿಲ್ಲದೆ ಕಡಿಯಬಾರದೆಂದು ೧೯೭೬ರ ಕಾಯಿದೆಯೇ ವಿಧಿಸಿದೆ. ಗಾಳಿಗೆ ಕೊಂಬೆ ಮುರಿದು ಗಿಡ ನೆಲಕ್ಕೆ ಬಿದ್ದಿದ್ದರೆ, ಅದನ್ನು ಮಣ್ಣಿನಲ್ಲಿ ಊರದೆ, ಹತ್ತಿರದ ಮತ್ತೊಂದು ಒರಟು ತೊಗಟೆಯ ಮರಕ್ಕೆ ತೆಂಗಿನ ನಾರಿನಿಂದಲೋ ಹತ್ತಿಯ ದಾರದಿಂದಲೋ ಮೆಲ್ಲಗೆ ಕಟ್ಟಬೇಕು. ಮಳೆಗಾಲದ ಆರಂಭವು ಇದಕ್ಕೆ ಒಳ್ಳೆಯ ಕಾಲ. ದಾರ ಕೊಳೆಯುವ ಹೊತ್ತಿಗೆ ಹೊಸ ಬೇರು ಮರವನ್ನು ಹಿಡಿದಿರುವುದು. ಕಡೆಯದಾಗಿ, ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಊರಿನ ಗಿಡಮರಗಳ ದಾಖಲೆ ಪುಸ್ತಕವಿರಬೇಕು. ನಿಮ್ಮ ಊರಿನ ಯಾವ ಮರದ ಮೇಲೆ ಸೀತಾಳೆಯಿದೆ, ಯಾವ ತಿಂಗಳಲ್ಲಿ ಹೂಬಿಡುವುದು ಎಂಬುದನ್ನು ಅದರಲ್ಲಿ ಬರೆಯಿಸಿರಿ. ಊರಿನ ಕೊಡುಗೆಗಳನ್ನು ಕಲ್ಲಿನ ಮೇಲೆ ಕೊರೆಯಿಸಿಟ್ಟವರ ನಾಡಿದು. ಒಂದು ಪುಸ್ತಕದಲ್ಲಿ ಎರಡು ಸಾಲು ಬರೆಯಿಸುವುದು ನಮಗೆ ಹೊರೆಯಾಗಲಾರದು.

ಈ ಬೇಸಗೆಯಲ್ಲಿ ನಿಮ್ಮ ಬೇವಿನ ಮೇಲೋ ಮಾವಿನ ಮೇಲೋ ಎರಡು ಸಾಲಿನ ಎಲೆಗಳೂ ಬಿಳಿಯ ಬೇರುಗಳೂ ಕಂಡರೆ, ಮನೆಯವರನ್ನೆಲ್ಲ ಕರೆದು ತೋರಿಸಿರಿ. ಅದರ ಹೆಸರನ್ನು ಮಕ್ಕಳ ಬಾಯಿಂದ ಒಮ್ಮೆ ಹೇಳಿಸಿರಿ. ಆಮೇಲೆ ಕುಡುಗೋಲು ಆ ಕೊಂಬೆಯನ್ನು ಬಿಟ್ಟು ಮುಂದಿನ ಕೊಂಬೆಗೆ ಹೋಗಲಿ.